ಮಲಬಾರಿನಿಂದ ಬಂದ ದಿವಾನರು, ಬಡಾವಣೆಗೆ ಉಳಿದ ಹೆಸರು: ಶೇಷಾದ್ರಿ ಅಯ್ಯರ್ ಬದುಕನ್ನು ಯಾವ ಕಾಗದದಲ್ಲಿ ಓದಬೇಕು?

ಶೇಷಾದ್ರಿಪುರಂ: ಬಸ್ಸಿನ ಬೋರ್ಡು, ಶಾಲೆಯ ಗೇಟು, ಬ್ಯಾಂಕ್ ಶಾಖೆ, ಪೊಲೀಸ್ ಠಾಣೆ, ಎಲ್ಲದರ ಮೇಲೂ ಆ ಹೆಸರಿದೆ. ಆನಂದರಾವ್ ವೃತ್ತದಿಂದ ಕೆ.ಆರ್. ವೃತ್ತದ ಕಡೆ ಹೊರಟರೆ ಶೇಷಾದ್ರಿ ರಸ್ತೆ. ಕಬ್ಬನ್ ಪಾರ್ಕಿಗೆ ಹೋದರೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಅದರ ಮುಂದೆ ಪ್ರತಿಮೆ. ಇಷ್ಟೆಲ್ಲ ಇದ್ದರೂ ಆ ಮನುಷ್ಯ ಯಾರು, ಎಲ್ಲಿಂದ ಬಂದವರು ಅಂತ ಕೇಳಿದರೆ, ಹಳೇ ಕಾಲದ ದಿವಾನರು ಅನ್ನೋ ಒಂದು ಉತ್ತರ ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ.

ಇದಕ್ಕೆ ಒಂದು ಕಾರಣ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು ತಮ್ಮ ಕೆಲಸದ ನೆನಪುಗಳನ್ನು 1951ರಲ್ಲಿ ಪುಸ್ತಕ ಮಾಡಿದರು. ಸರ್ ಮಿರ್ಜಾ ಇಸ್ಮಾಯಿಲ್ 1954ರಲ್ಲಿ ತಮ್ಮ ಸಾರ್ವಜನಿಕ ಬದುಕಿನ ಕಥೆ ಬರೆದರು. ಇಬ್ಬರಿಗೂ ಅಧಿಕಾರ ಬಿಟ್ಟ ಮೇಲೆ ಕೂತು ಬರೆಯುವಷ್ಟು ವರ್ಷಗಳು ಸಿಕ್ಕವು. ಶೇಷಾದ್ರಿ ಅಯ್ಯರ್ ಅವರಿಗೆ ಸಿಕ್ಕಿದ್ದು ಬರೀ ಆರು ತಿಂಗಳು. ಹಾಗಾಗಿ ಅವರನ್ನು ಅವರದೇ ಆತ್ಮಕಥೆಯಲ್ಲಿ ಓದೋಕೆ ಆಗೋದಿಲ್ಲ. ಸರ್ಕಾರಿ ಕಡತ, ಒಪ್ಪಂದ, ವಾರ್ಷಿಕ ವರದಿಗಳಲ್ಲಿ ಹುಡುಕಬೇಕು. ಕಾಗದ ಉಳಿದಷ್ಟೇ ಮನುಷ್ಯ ಉಳಿಯುತ್ತಾನೆ ಅನ್ನೋದಕ್ಕೆ ಈ ಬಡಾವಣೆಯ ಹೆಸರೇ ಒಳ್ಳೆಯ ಉದಾಹರಣೆ.

ಕುಮಾರಪುರಂನ ಹುಡುಗ

ಕೆ. ಶೇಷಾದ್ರಿ ಅಯ್ಯರ್ ಎಂಬಲ್ಲಿನ ‘ಕೆ’ ಅಂದರೆ ಕುಮಾರಪುರಂ. ಇದು ಈಗಿನ ಕೇರಳದ ಪಾಲಕ್ಕಾಡಿನ ಹತ್ತಿರದ ಊರು. ಆಗ ಅದು ಮದರಾಸು ಪ್ರಾಂತ್ಯದ ಮಲಬಾರ್ ಜಿಲ್ಲೆಯಲ್ಲಿತ್ತು. 1845ರ ಜೂನ್ 1ರಂದು ಅಲ್ಲಿನ ತಮಿಳು ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದರು. ಕೋಯಿಕ್ಕೋಡಿನಲ್ಲಿ ಓದಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದರು.

1868ರಲ್ಲಿ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಅರಮನೆಯ ವ್ಯವಹಾರ ಸರಿಪಡಿಸೋಕೆ ಮದರಾಸು ಸೇವೆಯಲ್ಲಿದ್ದ ಸಿ. ರಂಗಾಚಾರ್ಲು ಬಂದರು. ಅದೇ ವರ್ಷ, ಅವರ ಮೂಲಕವೇ, 23ರ ತರುಣ ಶೇಷಾದ್ರಿ ಅಯ್ಯರ್ ಕೂಡ ಮೈಸೂರು ಸೇವೆಗೆ ಸೇರಿದರು. ಅಷ್ಟಗ್ರಾಮ ವಿಭಾಗದಲ್ಲಿ ಜುಡಿಷಿಯಲ್ ಶಿರಸ್ತೇದಾರ್ ಕೆಲಸ. ಕನ್ನಡ ಮನೆಮಾತಲ್ಲ, ಊರಲ್ಲಿ ನೆಂಟರಿಲ್ಲ. ಮುಂದಿನ 33 ವರ್ಷ ಅವರು ಇಲ್ಲಿಯೇ ದುಡಿದು, ಇಲ್ಲಿಯವರೇ ಆದರು.

ಬರ ತಂದ ಸಾಲ

1876ರಿಂದ 78ರವರೆಗಿನ ಮಹಾ ಬರ ಮೈಸೂರನ್ನು ಹಿಂಡಿ ಹಾಕಿತ್ತು. ಲಕ್ಷಗಟ್ಟಲೆ ಜನ ಸತ್ತರು. ಊರಿಗೆ ಊರೇ ಖಾಲಿಯಾಯಿತು. 1881ರ ಮಾರ್ಚ್ 25ರಂದು ಬ್ರಿಟಿಷರು ಆಡಳಿತವನ್ನು ಒಡೆಯರ ಮನೆತನಕ್ಕೆ ವಾಪಸ್ ಕೊಟ್ಟಾಗ ಜೊತೆಗೆ ಬಂದಿದ್ದು ಬರ ಪರಿಹಾರದ 80 ಲಕ್ಷ ರೂಪಾಯಿ ಸಾಲ. ಸಾಲದ್ದಕ್ಕೆ ಬ್ರಿಟಿಷರಿಗೆ ಕೊಡಬೇಕಾದ ವಾರ್ಷಿಕ ಪೊಗದಿಯನ್ನು ಇಪ್ಪತ್ನಾಲ್ಕೂವರೆ ಲಕ್ಷದಿಂದ 35 ಲಕ್ಷಕ್ಕೆ ಏರಿಸುವ ಷರತ್ತೂ ಇತ್ತು. ಸಂಸ್ಥಾನದ ಸ್ಥಿತಿ ನೋಡಿ ಈ ಹೆಚ್ಚಳವನ್ನು ಮೊದಲು 5 ವರ್ಷ, ಆಮೇಲೆ ಇನ್ನೂ 10 ವರ್ಷ ಮುಂದಕ್ಕೆ ಹಾಕಲಾಯಿತು.

ಮೊದಲ ದಿವಾನರಾದ ರಂಗಾಚಾರ್ಲು 1883ರ ಜನವರಿಯಲ್ಲಿ ತೀರಿಕೊಂಡರು. ಮರುತಿಂಗಳು ಆ ಜಾಗಕ್ಕೆ ಶೇಷಾದ್ರಿ ಅಯ್ಯರ್ ಬಂದರು. ವಯಸ್ಸು 37. ಮುಂದೆ 18 ವರ್ಷ ಅದೇ ಕುರ್ಚಿ. 1881ರ ನಂತರದ ಮೈಸೂರಿನ ಬೇರೆ ಯಾವ ದಿವಾನರೂ ಅಷ್ಟು ಕಾಲ ಅಧಿಕಾರದಲ್ಲಿ ಇರಲಿಲ್ಲ.

ಅವರ ಲೆಕ್ಕಾಚಾರ ಸರಳವಾಗಿತ್ತು. ಮತ್ತೆ ಬರ ಬಂದರೆ ಧಾನ್ಯ ಊರಿಗೆ ತಲುಪಬೇಕು, ಅದಕ್ಕೆ ರೈಲು ಬೇಕು. ಮಳೆ ಕೈಕೊಟ್ಟರೆ ಹೊಲಕ್ಕೆ ನೀರಿರಬೇಕು, ಅದಕ್ಕೆ ಕೆರೆ ಕಾಲುವೆ ಬೇಕು. ಎರಡಕ್ಕೂ ದುಡ್ಡು ಬೇಕು. ರೈಲಿನ ಕೆಲಸ ಸದರ್ನ್ ಮರಾಠಾ ಕಂಪನಿಯ ಕೈಗೆ ಹೋಯಿತು. 1889ರ ಹೊತ್ತಿಗೆ ಬೆಂಗಳೂರಿನಿಂದ ತುಮಕೂರು, ತಿಪಟೂರು ದಾಟಿ ಹರಿಹರದವರೆಗೆ ರೈಲು ಓಡುತ್ತಿತ್ತು. ಕೋಲಾರದ ಚಿನ್ನದ ಗಣಿಗಳಿಂದ ರಾಜಧನ ಬರತೊಡಗಿತು. ಬರದ ಸಾಲವೂ ತೀರಿತು.

ದಸರಾದಲ್ಲಿ ವರ್ಷದ ಲೆಕ್ಕ

ಶೇಷಾದ್ರಿ ಅಯ್ಯರ್ ಅವರ ದನಿ ಇವತ್ತಿಗೂ ನೇರವಾಗಿ ಸಿಗೋದು ಒಂದು ಕಡೆ: ಪ್ರಜಾ ಪ್ರತಿನಿಧಿ ಸಭೆಯ ಮುಂದೆ ಅವರು ಓದಿದ ವಾರ್ಷಿಕ ಭಾಷಣಗಳಲ್ಲಿ. 1881ರಲ್ಲಿ ರಂಗಾಚಾರ್ಲು ಶುರು ಮಾಡಿದ ಈ ಸಭೆ ಮೈಸೂರಿನಲ್ಲಿ ದಸರಾ ಸಮಯಕ್ಕೆ ಸೇರುತ್ತಿತ್ತು. ದಿವಾನರು ಎದ್ದು ನಿಂತು ವರ್ಷದ ಮಳೆ, ಬೆಳೆ, ಆದಾಯ, ಖರ್ಚು, ರೈಲು, ಶಾಲೆ, ಆಸ್ಪತ್ರೆ, ಎಲ್ಲದರ ಲೆಕ್ಕ ಒಪ್ಪಿಸುತ್ತಿದ್ದರು. ಆ ಭಾಷಣಗಳು ಅಚ್ಚಾದವು. ವರ್ಷದಿಂದ ವರ್ಷಕ್ಕೆ ಅವನ್ನು ಜೋಡಿಸಿಟ್ಟು ಓದಿದರೆ, ಒಬ್ಬ ಆಡಳಿತಗಾರ ಯಾವುದಕ್ಕೆ ಆತಂಕಪಡುತ್ತಿದ್ದ, ಯಾವುದರ ಬಗ್ಗೆ ಹೆಮ್ಮೆಪಡುತ್ತಿದ್ದ ಅಂತ ಗೊತ್ತಾಗುತ್ತದೆ.

1891ರಿಂದ ಸಭೆಯ ಸದಸ್ಯರನ್ನು ಚುನಾವಣೆಯ ಮೂಲಕ ಆರಿಸೋ ಪದ್ಧತಿ ಬಂತು. ಆಸ್ತಿ, ಓದು ಇದ್ದವರಿಗಷ್ಟೇ ಮತ, ನಿಜ. ಆದರೂ ದೇಶಿ ಸಂಸ್ಥಾನವೊಂದರಲ್ಲಿ ಅದು ಹೊಸ ಮಾತು. ಅದೇ ವರ್ಷ ಮೈಸೂರು ಸಿವಿಲ್ ಸರ್ವಿಸ್‌ಗೆ ಸ್ಪರ್ಧಾತ್ಮಕ ಪರೀಕ್ಷೆಯೂ ಶುರುವಾಯಿತು. 1894ರಲ್ಲಿ ಬಾಲ್ಯವಿವಾಹ ತಡೆಯುವ ಕಾನೂನು ಬಂತು.

ಹೊಗಳಿಕೆ ಮಾತ್ರ ಸಿಕ್ಕಿತು ಅಂತಲ್ಲ. ಮದರಾಸಿನ ಕಡೆಯವರೇ ದೊಡ್ಡ ಹುದ್ದೆಗಳಲ್ಲಿ ತುಂಬಿಕೊಂಡಿದ್ದಾರೆ, ನಮ್ಮ ಹುಡುಗರಿಗೆ ಜಾಗ ಇಲ್ಲ ಅನ್ನೋ ಸಿಟ್ಟು ಆ ಕಾಲದಲ್ಲಿ ಜೋರಾಗಿಯೇ ಇತ್ತು. ಪತ್ರಿಕೆಗಳು ಬರೆದವು, ಸಭೆಯಲ್ಲೂ ಮಾತು ಬಂತು. ಮೈಸೂರು ಮೈಸೂರಿನವರಿಗೆ ಅನ್ನೋ ಕೂಗಿನ ಎದುರಿಗೆ ಇದ್ದವರಲ್ಲಿ ಶೇಷಾದ್ರಿ ಅಯ್ಯರ್ ಮೊದಲಿಗರು. ದಿವಾನರ ಕೈಯಲ್ಲಿ ಅಧಿಕಾರ ಅತಿಯಾಗಿ ಸೇರಿಕೊಂಡಿದೆ ಅನ್ನೋ ಟೀಕೆಯೂ ಇತ್ತು. ಹೊರಗಿನಿಂದ ಬಂದು ನೆಲೆ ನಿಂತವರ ಬಗ್ಗೆ ಬೆಂಗಳೂರಿನಲ್ಲಿ ಇವತ್ತು ನಡೆಯೋ ಜಗಳಕ್ಕೆ ನೂರು ವರ್ಷಕ್ಕಿಂತ ಹಳೆಯ ಬೇರು ಇದೆ. ಈ ಟೀಕೆಗಳೂ ಅವರ ಚರಿತ್ರೆಯ ಭಾಗವೇ. ಪ್ರತಿಮೆ ಮಾತ್ರ ಉಳಿದು ಪತ್ರಿಕೆಗಳು ಹೋದರೆ ಅರ್ಧ ಕಥೆ ಹೋದ ಹಾಗೆ.

ನೀರು, ಪ್ಲೇಗ್, ಹೊಸ ಬಡಾವಣೆ

ಬೆಂಗಳೂರಿನ ಮಟ್ಟಿಗೆ ಅವರ ದೊಡ್ಡ ಕೊಡುಗೆ ನಲ್ಲಿ ನೀರು. ಅದಕ್ಕೂ ಮುಂಚೆ ಪೇಟೆಯ ಜನ ಬಾವಿ, ಕಲ್ಯಾಣಿ, ಕೆರೆಗಳನ್ನೇ ನಂಬಿದ್ದರು. ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಕಡೆ ಇದ್ದ ಧರ್ಮಾಂಬುಧಿ ಕೆರೆ ಅವುಗಳಲ್ಲಿ ಮುಖ್ಯವಾದದ್ದು. ಮಳೆ ತಪ್ಪಿದರೆ ಕೆರೆ ಒಣಗೋದು, ಕೊಳಕು ನೀರು ಕುಡಿದು ಕಾಲರಾ ಬರೋದು. ಅರ್ಕಾವತಿಗೆ ಹೆಸರಘಟ್ಟದಲ್ಲಿ ಜಲಾಶಯ ಮಾಡಿ, ಅಲ್ಲಿಂದ ಇಟ್ಟಿಗೆ ಕಾಲುವೆಯಲ್ಲಿ ನೀರು ಹರಿಸಿ, ಸೋಲದೇವನಹಳ್ಳಿಯಲ್ಲಿ ಪಂಪ್ ಮಾಡಿ ನಗರಕ್ಕೆ ತಂದರು. ಚಾಮರಾಜೇಂದ್ರ ಜಲ ಕಾರ್ಖಾನೆ ಅನ್ನೋ ಹೆಸರಿನ ಈ ಯೋಜನೆಯ ನೀರು 1896ರಲ್ಲಿ ಊರು ಸೇರಿತು.

ಎರಡೇ ವರ್ಷಕ್ಕೆ, 1898ರಲ್ಲಿ, ಪ್ಲೇಗ್ ಬಂತು. ಇಕ್ಕಟ್ಟಾದ ಪೇಟೆ ಬೀದಿಗಳಲ್ಲಿ ಇಲಿ ಬಿದ್ದ ಮನೆ ಬಿಟ್ಟು ಜನ ಬಯಲಿಗೆ ಓಡಿದರು, ಗುಡಿಸಲು ಹಾಕಿಕೊಂಡರು. 1892ರ ಸುಮಾರಿಗೇ ನಕ್ಷೆ ಹಾಕಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಿಗೆ ಜನ ನಿಜವಾಗಿ ಬಂದು ನೆಲೆಸಿದ್ದು ಈ ಭಯದಿಂದಲೇ. ಅಗಲ ರಸ್ತೆ, ಮನೆಗೆ ಮನೆಗೆ ನಡುವೆ ಗಾಳಿ ಬೆಳಕು, ಹಿಂದೆ ಜಾಡಮಾಲಿ ಓಣಿ, ಇದೆಲ್ಲ ಅಂದಕ್ಕೆ ಮಾಡಿದ್ದಲ್ಲ, ರೋಗಕ್ಕೆ ಹೆದರಿ ಮಾಡಿದ್ದು. ಹಳೇ ಬಡಾವಣೆಗಳ ಕಾನ್ಸರ್ವೆನ್ಸಿ ಓಣಿಗಳು ಅದೇ ಕಾಲದ ಗುರುತು.

ವಿಕ್ಟೋರಿಯಾ ಆಸ್ಪತ್ರೆಯ ಶಂಕುಸ್ಥಾಪನೆ 1897ರಲ್ಲಿ ಆಯಿತು. 1900ರ ಡಿಸೆಂಬರ್‌ನಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ಅದನ್ನು ಉದ್ಘಾಟಿಸಿದರು.

ಕಲ್ಲು, ಓಲೆಗರಿ ಉಳಿಸಿದ ಕಾಲ

ರೈಲು, ನೀರು ನೆನಪಿಟ್ಟುಕೊಂಡವರೂ ಮರೆಯೋ ಒಂದು ವಿಷಯ ಇದೆ. ನಾಡಿನ ಹಳೇ ದಾಖಲೆಗಳನ್ನು ಹುಡುಕಿ ಕಾಪಾಡೋ ಕೆಲಸಕ್ಕೆ ಸರ್ಕಾರದ ಚೌಕಟ್ಟು ಸಿಕ್ಕಿದ್ದು ಇವರ ದಿವಾನಗಿರಿಯಲ್ಲೇ. 1885ರಲ್ಲಿ ಮೈಸೂರಿನ ಪುರಾತತ್ವ ಇಲಾಖೆ ಹುಟ್ಟಿತು. ಬಿ.ಎಲ್. ರೈಸ್ ಹಳ್ಳಿ ಹಳ್ಳಿ ಸುತ್ತಿ ಶಾಸನಗಳ ನಕಲು ತೆಗೆದು ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟ ತಂದದ್ದು ಈ ಏರ್ಪಾಟಿನಿಂದ. ಹೊಲದ ಬದುವಿನಲ್ಲಿ ಬಿದ್ದಿದ್ದ ಕಲ್ಲುಗಳು ಅಚ್ಚಿನ ಪುಟಕ್ಕೆ ಏರಿದವು. ಆಮೇಲೆ ಎಷ್ಟೋ ಕಲ್ಲುಗಳು ಕಳೆದುಹೋದವು, ಆದರೆ ಅವುಗಳ ಪಾಠ ಉಳಿಯಿತು.

1891ರಲ್ಲಿ ಮೈಸೂರಿನಲ್ಲಿ ಓರಿಯಂಟಲ್ ಲೈಬ್ರರಿ ಶುರುವಾಯಿತು. ಮನೆ, ಮಠಗಳಲ್ಲಿ ಹುಳ ತಿನ್ನುತ್ತಿದ್ದ ಓಲೆಗರಿ ಕಟ್ಟುಗಳನ್ನು ಅಲ್ಲಿ ಕೂಡಿಡತೊಡಗಿದರು. 1905ರಲ್ಲಿ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ಒಂದು ಕಟ್ಟನ್ನು ತಂದು ಅಲ್ಲಿಗೆ ಒಪ್ಪಿಸಿದರು. ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ನೋಡಿದರೆ, ಹೆಸರಷ್ಟೇ ಕೇಳಿದ್ದ ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಒಬ್ಬರು ತಮ್ಮ ಮನೆಯ ಕಟ್ಟನ್ನು ಸರಿಯಾದ ಕೈಗೆ ಕೊಟ್ಟಿದ್ದರಿಂದ ಭಾರತದ ಚರಿತ್ರೆಯನ್ನು ಓದೋ ರೀತಿಯೇ ಬದಲಾಯಿತು.

ಇವತ್ತಿಗೂ ಬಿಚ್ಚುವ ಕಾಗದ

ಶೇಷಾದ್ರಿ ಅಯ್ಯರ್ ಕಾಲದ ಕಾಗದಗಳಲ್ಲಿ ಒಂದಂತೂ ಇಂದಿಗೂ ಸುಮ್ಮನೆ ಮಲಗಿಲ್ಲ. ಅದು 1892ರ ಮದರಾಸು–ಮೈಸೂರು ಒಪ್ಪಂದ. ಪಟ್ಟಿಯಲ್ಲಿ ಹೆಸರಿಸಿದ ನದಿಗಳ ಮೇಲೆ ಮೈಸೂರು ಹೊಸ ನೀರಾವರಿ ಕೆಲಸ ಕೈಗೊಳ್ಳಬೇಕಾದರೆ ಮೊದಲು ಮದರಾಸಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು ಅನ್ನೋದು ಅದರ ತಿರುಳು. ಮುಖ್ಯ ನದಿಗಳು 15. ಕಾವೇರಿ, ಹೇಮಾವತಿ, ಕಬಿನಿ, ತುಂಗಭದ್ರಾ, ಪೆನ್ನಾರ್, ಪಾಲಾರ್, ವೇದಾವತಿ ಎಲ್ಲವೂ ಅದರಲ್ಲಿವೆ.

ಮದರಾಸು ನೇರ ಬ್ರಿಟಿಷ್ ಆಡಳಿತದ ಪ್ರಾಂತ್ಯ, ಮೈಸೂರು ಅವರ ಅಧೀನದ ಸಂಸ್ಥಾನ. ತಕ್ಕಡಿ ಸಮ ಇರಲಿಲ್ಲ ಅನ್ನೋದು ಕರ್ನಾಟಕದ ಹಳೇ ಅಳಲು. 1924ರಲ್ಲಿ ಮತ್ತೊಂದು ಒಪ್ಪಂದ ಬಂತು. 1990ರಲ್ಲಿ ಕಾವೇರಿ ನ್ಯಾಯಮಂಡಳಿ ರಚನೆಯಾದಾಗ, 2007ರ ತೀರ್ಪಿನಲ್ಲಿ, 2018ರ ಫೆಬ್ರವರಿಯ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ, ಹೀಗೆ ಪ್ರತಿ ಸಲ ವಕೀಲರು ಹಿಂದಕ್ಕೆ ಹೋಗಿ ನಿಂತದ್ದು 1892ರ ಆ ಹಾಳೆಗಳ ಮುಂದೆಯೇ. ಮಂಡ್ಯದ ರೈತನ ಗದ್ದೆಗೂ ಬೆಂಗಳೂರಿನ ನಲ್ಲಿಗೂ ಆ ಕಾಗದದ ಜೊತೆ ಸಂಬಂಧ ಇದೆ. ಹಳೇ ಕಡತ ಇಟ್ಕೊಂಡು ಏನು ಮಾಡೋದು ಅನ್ನೋರಿಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿಲ್ಲ.

ನೋಡದೇ ಹೋದ ಬೆಳಕು

1894ರ ಡಿಸೆಂಬರ್ 28ರಂದು ಮಹಾರಾಜ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ದಿಢೀರನೆ ತೀರಿಕೊಂಡರು. ಅವರಿಗೆ 31 ವರ್ಷ. ಮಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ 10. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆದರು. ಶೇಷಾದ್ರಿ ಅಯ್ಯರ್ ದಿವಾನಗಿರಿಯಲ್ಲೇ ಮುಂದುವರಿದು ರೀಜೆನ್ಸಿ ಮಂಡಳಿಯ ನೇತೃತ್ವ ವಹಿಸಿದರು.

ದೊಡ್ಡ ಕೆಲಸಗಳನ್ನು ಕೈಗೆತ್ತಿಕೊಂಡದ್ದು ಈ ವರ್ಷಗಳಲ್ಲಿ. 1898ರಲ್ಲಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಅಣೆಕಟ್ಟು ಶುರುವಾಯಿತು, ಅದೇ ಇವತ್ತಿನ ವಾಣಿವಿಲಾಸ ಸಾಗರ. ಶಿವನಸಮುದ್ರದಲ್ಲಿ ಕಾವೇರಿ ಧುಮುಕುವ ಕಡೆ ವಿದ್ಯುತ್ ತೆಗೆದು, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಕಳಿಸೋ ಯೋಜನೆ ರೂಪುಗೊಂಡಿತು. ಎಂಜಿನಿಯರ್ ಜೋಲಿ ಡಿ ಲೋಟ್ಬಿನಿಯರ್ ಮುಂದೆ ನಿಂತರು. ಅಷ್ಟು ದೂರಕ್ಕೆ ಕರೆಂಟು ಸಾಗಿಸೋದು ಆಗಿನ ಜಗತ್ತಿನಲ್ಲೇ ಅಪರೂಪದ ಸಾಹಸ.

ಅಷ್ಟರಲ್ಲಿ ದೇಹ ಸೋತಿತ್ತು. 1901ರ ಮಾರ್ಚ್‌ನಲ್ಲಿ ಅನಾರೋಗ್ಯದಿಂದ ಅಧಿಕಾರ ಬಿಟ್ಟರು. ಸೆಪ್ಟೆಂಬರ್ 13ರಂದು ತೀರಿಕೊಂಡರು. ವಯಸ್ಸು 56. ಕೋಲಾರಕ್ಕೆ ಕರೆಂಟು ಹರಿದದ್ದು 1902ರ ಜೂನ್ 30ಕ್ಕೆ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರ ಆಗಸ್ಟ್‌ನಲ್ಲಿ. ಮಾರಿಕಣಿವೆ ಮುಗಿದದ್ದು 1907ರಲ್ಲಿ. ಯಾವುದನ್ನೂ ಅವರು ನೋಡಲಿಲ್ಲ.

ಮನೆ ಹೋಯಿತು, ಹೆಸರು ಉಳಿಯಿತು

ಶೇಷಾದ್ರಿ ಅಯ್ಯರ್ ವಾಸವಿದ್ದ ಕುಮಾರ ಕೃಪಾ ಬಂಗಲೆ ಶೇಷಾದ್ರಿಪುರಂನ ಪಕ್ಕದಲ್ಲೇ. ಆಮೇಲೆ ಅದು ಸರ್ಕಾರದ ಅತಿಥಿಗೃಹವಾಯಿತು. 1927ರಲ್ಲಿ ಆರೋಗ್ಯ ಕೆಟ್ಟಾಗ ಗಾಂಧೀಜಿ ನಂದಿ ಬೆಟ್ಟದಿಂದ ಇಳಿದು ಬಂದು, ಜೂನ್‌ನಿಂದ ಆಗಸ್ಟ್‌ವರೆಗೆ ತಂಗಿದ್ದು ಅಲ್ಲೇ. ಅವರು ಆ ತಿಂಗಳುಗಳಲ್ಲಿ ಬರೆದ ಪತ್ರಗಳ ತಲೆಯ ಮೇಲೆ ಕುಮಾರ ಪಾರ್ಕ್, ಬೆಂಗಳೂರು ಅನ್ನೋ ವಿಳಾಸ ಇದೆ. ಆ ಪತ್ರಗಳನ್ನು ಪಡೆದವರು ಜೋಪಾನ ಮಾಡಿದ್ದರಿಂದ ಗಾಂಧಿ ಬರಹಗಳ ಸಂಪುಟ ಸೇರಿದವು. ಈಗ ಆ ರಸ್ತೆಯ ಹೆಸರು ಹೆಚ್ಚಿನವರಿಗೆ ಗೊತ್ತಿರೋದು ಚಿತ್ರಕಲಾ ಪರಿಷತ್ತಿನಿಂದ, ಚಿತ್ರ ಸಂತೆಯಿಂದ.

ಕಬ್ಬನ್ ಪಾರ್ಕಿನ ಪ್ರತಿಮೆಯನ್ನು 1913ರಲ್ಲಿ ವೈಸರಾಯ್ ಲಾರ್ಡ್ ಹಾರ್ಡಿಂಜ್ ಅನಾವರಣ ಮಾಡಿದರು. ಕೆಂಪು ಬಣ್ಣದ ಸ್ಮಾರಕ ಭವನ 1915ರದು. ಅದರೊಳಗೆ ಇವತ್ತಿಗೂ ಗ್ರಂಥಾಲಯ ಇದೆ. ಪುಸ್ತಕ ಓದೋಕೆ ಯಾರು ಬೇಕಾದರೂ ಒಳಗೆ ಹೋಗಬಹುದಾದ ಸ್ಮಾರಕ ಇದು.

ಶೇಷಾದ್ರಿಪುರಂ ತನ್ನದೇ ಆದ ಮೊದಲಿಗರನ್ನೂ ಕಂಡಿದೆ. 1930ರಲ್ಲಿ ಆನಂದಮ್ಮ, ಸೀತಮ್ಮ ಎಂಬ ಇಬ್ಬರು ಮಹಿಳೆಯರು ಇಲ್ಲಿ ಒಂದು ಪುಟ್ಟ ಪ್ರಾಥಮಿಕ ಶಾಲೆ ಶುರು ಮಾಡಿದರು. ಇಂದಿನ ಶೇಷಾದ್ರಿಪುರಂ ಶಿಕ್ಷಣ ಸಂಸ್ಥೆಗಳ ಬೀಜ ಅದು. ದಿವಾನರ ಕಡತ ಕಾಯೋಕೆ ಸರ್ಕಾರ ಇತ್ತು. ಇಂಥ ಹೆಣ್ಣುಮಕ್ಕಳ ಹಾಜರಿ ಪುಸ್ತಕ, ಚಂದಾ ಪಟ್ಟಿ, ಮೊದಲ ತರಗತಿಯ ಫೋಟೊ, ಇವನ್ನು ಕಾಯೋದು ಮನೆಯವರು, ಊರವರು.

ಡಿ.ವಿ. ಗುಂಡಪ್ಪನವರು ಜ್ಞಾಪಕ ಚಿತ್ರಶಾಲೆಯಲ್ಲಿ ಮೈಸೂರಿನ ದಿವಾನರಿಗೇ ಒಂದು ಸಂಪುಟ ಮೀಸಲಿಟ್ಟರು. ಶೇಷಾದ್ರಿ ಅಯ್ಯರ್ ಅದರಲ್ಲಿದ್ದಾರೆ. ಆಡಳಿತದ ಕಡತಗಳು ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯಲ್ಲಿವೆ. ಬ್ರಿಟಿಷ್ ಸರ್ಕಾರದ ಜೊತೆಗಿನ ವ್ಯವಹಾರದ ಕಾಗದಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇವೆ. ಒಂದು ಬದುಕನ್ನು ತಿಳಿಯೋಕೆ ಮೂರು ಊರು ಅಲೆಯಬೇಕು. ಆದರೂ ಅಲೆದರೆ ಸಿಗುತ್ತದೆ, ಯಾಕಂದರೆ ಯಾರೋ ಕಾಪಾಡಿ ಇಟ್ಟಿದ್ದಾರೆ.

ಹಳೇ ಟ್ರಂಕು ತೆರೆಯುವ ಮುಂಚೆ

ಶೇಷಾದ್ರಿಪುರಂ, ಮಲ್ಲೇಶ್ವರ, ಚಾಮರಾಜಪೇಟೆ, ಬಸವನಗುಡಿಯ ಹಳೇ ಮನೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟ್ ಏಳುತ್ತಿವೆ. ಮನೆ ಖಾಲಿ ಮಾಡೋ ದಿನ ಅಟ್ಟದ ಮೇಲಿನ ಟ್ರಂಕು ನೇರ ಗುಜರಿಗೆ ಹೋಗುತ್ತದೆ. ತೂಕಕ್ಕೆ ಹಾಕೋ ಮುಂಚೆ ಮಾಡಬಹುದಾದ ಕೆಲಸ ಇಷ್ಟು:

- ಕ್ರಯಪತ್ರ, ಕಂದಾಯ ರಸೀದಿ ಮಾತ್ರವಲ್ಲ. ಪತ್ರ, ದಿನಚರಿ, ಮದುವೆ ಕರೆಯೋಲೆ, ಶಾಲೆಯ ಸರ್ಟಿಫಿಕೇಟು, ಮನೆ ಲೆಕ್ಕದ ಪುಸ್ತಕ, ಫೋಟೊ ಎಲ್ಲವನ್ನೂ ಬೇರೆ ತೆಗೆದಿಡಿ.
- ತುಕ್ಕು ಹಿಡಿದ ಪಿನ್ನು, ಕ್ಲಿಪ್ಪು, ರಬ್ಬರ್ ಬ್ಯಾಂಡ್ ಮೆಲ್ಲಗೆ ತೆಗೆಯಿರಿ. ಮೆತ್ತನೆ ಬ್ರಷ್‌ನಿಂದ ಧೂಳು ಒರೆಸಿ. ನೀರು ತಾಗಿಸಬೇಡಿ.
- ಹರಿದ ಕಡೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಬೇಡವೇ ಬೇಡ. ಎರಡೂ ವರ್ಷ ಕಳೆದ ಹಾಗೆ ಕಾಗದವನ್ನು ಕೆಡಿಸುತ್ತವೆ.
- ಮಡಿಕೆ ಬಿಡಿಸಿ ಸಪಾಟಾಗಿ ಇಡಿ. ಬಿಸಿಲು, ತೇವ ಎರಡೂ ಆಗದು. ಗೆದ್ದಲು ಬರೋ ಗೋಡೆಯಿಂದ ದೂರ ಇರಲಿ.
- ಫೋಟೊ ಹಿಂದೆ ಯಾರು, ಎಲ್ಲಿ, ಯಾವ ವರ್ಷ ಅಂತ ಪೆನ್ಸಿಲ್‌ನಲ್ಲಿ ಬರೆಯಿರಿ. ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ.
- ಮೊಬೈಲ್‌ನಲ್ಲಾದರೂ ಚಿತ್ರ ತೆಗೆದು ಎರಡು ಕಡೆ ಇಡಿ. ಆದರೆ ಚಿತ್ರ ಇದೆ ಅಂತ ಮೂಲ ಕಾಗದ ಎಸೆಯಬೇಡಿ.
- ಓಲೆಗರಿ, ತಾಮ್ರಪಟ ಸಿಕ್ಕರೆ ನೀವೇ ಉಜ್ಜಬೇಡಿ, ಎಣ್ಣೆ ಹಚ್ಚಬೇಡಿ. ತಿಳಿದವರಿಗೆ ತೋರಿಸಿ.
- ಮನೆಯಲ್ಲಿ ಇಡೋಕೆ ಆಗದಿದ್ದರೆ ರಾಜ್ಯ ಪತ್ರಾಗಾರ ಇಲಾಖೆಯನ್ನೋ ವಿಶ್ವವಿದ್ಯಾಲಯದ ಗ್ರಂಥಾಲಯವನ್ನೋ ಕೇಳಿ. ಕೊಡುವಾಗ ಪಟ್ಟಿ ಮಾಡಿ, ಒಂದು ಪ್ರತಿ ನಿಮ್ಮಲ್ಲಿ ಇಟ್ಟುಕೊಳ್ಳಿ.

ದೊಡ್ಡವರ ಕಾಗದಕ್ಕಷ್ಟೇ ಬೆಲೆ ಅನ್ನೋದು ತಪ್ಪು ತಿಳಿವಳಿಕೆ. 1898ರ ಪ್ಲೇಗಿನಲ್ಲಿ ಪೇಟೆ ಬಿಟ್ಟು ಬಂದ ಒಂದು ಸಂಸಾರ ಮೊದಲ ತಿಂಗಳು ಬಾಡಿಗೆ ಎಷ್ಟು ಕೊಟ್ಟಿತು, ಅಕ್ಕಿ ಎಲ್ಲಿಂದ ತಂದಿತು ಅನ್ನೋದು ದಿವಾನರ ಭಾಷಣದಲ್ಲಿ ಇರೋದಿಲ್ಲ. ಅದು ಇದ್ದರೆ ಯಾರದೋ ಅಜ್ಜಿಯ ಲೆಕ್ಕದ ಪುಸ್ತಕದಲ್ಲಿ ಇರುತ್ತದೆ.